ಸೋರಿದ್ದು ಯಾರ ಪಾಲಿಗೆ?

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಅಂಥ ಹಳೆಯ ಕಾರಿನ ರೇಡಿಯೇಟರ್ ಪೈಪು ಬಿರಿದು, ಇಲ್ಲವೇ ವಾಟರ್ ಪಂಪಿನ ಸೀಲು ಸವೆದು ಕೂಲೆಂಟ್ ಸೋರತೊಡಗಿದರೆ, ದಿನವೂ ಒಂದಿಷ್ಟು ತುಂಬಿಸಿ ಹಾವೇರಿಯಿಂದ ರಾಣೆಬೆನ್ನೂರಿಗೋ ಬ್ಯಾಡಗಿ ಪೇಟೆಗೋ ಹೋಗಿಬರುವವರುಂಟು. ಎಂಜಿನ್ ಕೆಟ್ಟರೆ ನಷ್ಟ ತಮ್ಮದೇ ತಾನೆ ಎಂಬ ಸಮಾಧಾನ! ಕೈಯಲ್ಲಿ ಹಣವಿಲ್ಲದವನು ದುರಸ್ತಿಯನ್ನು ಮುಂದೂಡಿದರೆ ಅದನ್ನು ಅಪರಾಧವೆನ್ನಲಾಗದು.

ಆದರೆ ಹೆಚ್ಚಿನ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನೆಲದಲ್ಲಿ ನಿಂತದ್ದನ್ನು ನೆಕ್ಕಿದ ಓಣಿಯ ನಾಯಿ ಮೂತ್ರಪಿಂಡ ಕೆಟ್ಟು ಸಾಯಬಹುದು. ಅಂಗಳದಲ್ಲಿ ಆಡುವ ನೆರೆಮನೆಯ ಮಗುವಿಗೂ ಅಪಾಯವೇ. ಹೀಗಿರುವಾಗ, ನಷ್ಟ ನನ್ನದೊಂದೇ ಎನ್ನಲು ಯಾರಿಗೆ ಹಕ್ಕಿದೆ? ಕಾರಿನಡಿ ತಟ್ಟೆಯಿಟ್ಟರೆ ಸಾಲದು, ಅದರಿಂದಲೇ ನಾಯಿ ಕುಡಿದೀತು. ಸೋರಿದ್ದರ ಮೇಲೆ ಒಣಮರಳು ಚೆಲ್ಲಿ, ಹೀರಿದ ಮೇಲೆ ಬಳಿದು ತೆಗೆಯಲು ಮೆಕ್ಯಾನಿಕ್ಕನ ಬಿಲ್ಲಿನಷ್ಟು ಹಣವೇನೂ ಬೇಕಿಲ್ಲ.