ಗಾಳ ಹಿಡಿದ ಕೈ

ಶರಾವತಿ ಹಿನ್ನೀರಿನಲ್ಲಿ ಮನೆಮಂದಿಯೆಲ್ಲ ದೋಣಿಯಲ್ಲಿ ಸುತ್ತಿ, ದಡದಲ್ಲಿ ಗಾಳ ಹಾಕಿ ಕುಳಿತಿದ್ದೆವು. ಹಿಡಿದ ಮೀನುಗಳು ಬರಿದಾದ ಬಕೆಟ್ಟಿನಲ್ಲಿ ಬಾಯಿ ತೆರೆದು ಒದ್ದಾಡುತ್ತಿದ್ದವು. ಮಕ್ಕಳಿಗೆ ಅದೇ ಆಟ. ಕಿರಿಯವಳು ಮಾತ್ರ ಕೇಳಿದಳು: "ಇವನ್ನು ಬಿಸ್ಮಿಲ್ಲಾ ಹೇಳಿ ಕೊಯ್ಯುವುದಿಲ್ಲವೇ?"

ಇಲ್ಲ. ನೀರಿನ ಬೇಟೆಯನ್ನು ಅಲ್ಲಾಹನು ಸೂರಃ ಅಲ್‌ಮಾಇದಃದಲ್ಲಿ ಹಲಾಲ್ ಮಾಡಿದ್ದಾನೆ. ಮೀನಿಗೆ ಝಬಹ್ ಬೇಕಿಲ್ಲ. ಅದು ಅವನ ರಿಯಾಯಿತಿ. ಕೋಳಿ ಕೊಯ್ಯುವ ಕೈ ಅವನ ಹೆಸರಿಗಾಗಿ ಒಂದು ಕ್ಷಣವಾದರೂ ನಿಲ್ಲುತ್ತದೆ; ಗಾಳ ಹಿಡಿದ ಕೈಗೆ ಆ ತಡೆಯಿಲ್ಲ. ಪ್ರಾಣಿಗೆ ನೋವಾಗದಂತೆ ಚೂರಿಯನ್ನು ಹರಿತ ಮಾಡಿಕೊಳ್ಳಲು ಕಲಿಸಿದವರು ಪ್ರವಾದಿಯವರು(ಸ). ಝಬಹ್ ಬೇಡವೆಂದ ಮಾತ್ರಕ್ಕೆ ದಯೆಯೂ ಬೇಡವಾಯಿತೇ?

ಊಟಕ್ಕೆ ನಾಲ್ಕು ಸಾಕಿತ್ತು. ಉಳಿದವು, ನಿಜ ಹೇಳಬೇಕೆಂದರೆ, ನನ್ನ ಜಂಬಕ್ಕೆ. ಬೆರಳುದ್ದದ ಮರಿಗಳನ್ನು ಮಗಳು ಬೊಗಸೆಯಲ್ಲೆತ್ತಿ ನೀರಿಗೆ ಬಿಟ್ಟಳು. ಒಂದು ಈಜಲಿಲ್ಲ, ಮಗುಚಿ ತೇಲಿತು. ಅಸ್ರ್ ನಮಾಝಿನ ವುಝೂಗೆ ನಾನು ಆ ನೀರಿಗೇ ಇಳಿಯಬೇಕಿತ್ತು.