ಗಿಡ ಒಳಗೆ ಬಂತು, ಮಳೆ ಬರಲಿಲ್ಲ

ಅಡುಗೆಮನೆ ಕಿಟಕಿಯ ಮೆಣಸಿನ ಗಿಡಕ್ಕೆ ಇರುವೆ ಸಾಲು ಹತ್ತುತ್ತಿದೆ ಎಂದರೆ ಬಹಳ ಮಂದಿ ಮೊದಲು ಹುಡುಕುವುದು ಇರುವೆಯ ಸೀಮೆಸುಣ್ಣವನ್ನು. ಕುಂಡದ ಸುತ್ತ ಒಂದು ಗೆರೆ ಎಳೆದರೆ ಕೆಲಸ ಮುಗಿಯಿತು. ಆದರೆ ಇರುವೆಗೂ ಮೆಣಸಿನ ಗಿಡಕ್ಕೂ ಜಗಳವೇನಿಲ್ಲ. ಅದು ಬಂದಿರುವುದು ಸಿಹಿಗೆ. ಖಾರದ ಗಿಡದಲ್ಲಿ ಸಿಹಿ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಸೀಮೆಸುಣ್ಣ ಪಕ್ಕಕ್ಕಿಟ್ಟು, ತುದಿಯ ಎಳೆ ಎಲೆಯೊಂದನ್ನು ಮಗುಚಿ ನೋಡಬೇಕು.

ಅಲ್ಲಿ ಸಸ್ಯಹೇನುಗಳು ಕೂತಿರುತ್ತವೆ, ಒತ್ತೊತ್ತಾಗಿ. ಒಂದೆರಡು ಮಿಲಿಮೀಟರ್ ಉದ್ದದ ಮೆತ್ತನೆಯ ಮೈ, ಹಿಂದೆ ದಪ್ಪ, ಮುಂದೆ ಸಣ್ಣ. ಮೆಣಸಿನ ಗಿಡದಲ್ಲಿ ಸಾಮಾನ್ಯವಾಗಿ ತಿಳಿಹಸಿರು, ಸೇವಂತಿಗೆಯಲ್ಲಿ ಕಂದುಗಪ್ಪು, ಅಲಸಂದೆ ಕುಡಿಯಲ್ಲಿ ಮಿರುಗುವ ಕಪ್ಪು. ಭೂತಗನ್ನಡಿ ಹಿಡಿದರೆ ಬೆನ್ನಿನ ಕೊನೆಯಲ್ಲಿ ಎರಡು ಪುಟ್ಟ ಕೊಳವೆಗಳು ಕಾಣುತ್ತವೆ. ಹೇನಿನ ಗುರುತು ಅದು. ಕೆಳಗಿನ ಎಲೆಗಳ ಮೇಲೆ ಬಿಳಿ ಪುಡಿ ಉದುರಿದಂತೆ ಇರುವುದು ಅವು ಬೆಳೆಯುತ್ತಾ ಕಳಚಿದ ಪೊರೆ. ಅದನ್ನೇ ನೋಡಿ ‘ಬಿಳಿ ಹುಳ ಬಂದಿದೆ’ ಎಂದು ಗಾಬರಿ ಬೀಳುವವರಿದ್ದಾರೆ. ಸತ್ತ ಪೊರೆಗೆ ಎಷ್ಟು ಔಷಧಿ ಹೊಡೆದರೇನು? ಗೆಣ್ಣಿನ ಸಂದಿಯಲ್ಲಿ ಹತ್ತಿ ಮೆತ್ತಿದಂತಿದ್ದರೆ ಅದು ಹಿಟ್ಟು ತಿಗಣೆ, ಅದರ ಕತೆ ಬೇರೆ.

ಹೇನು ಎಲೆ ಕಡಿಯುವುದಿಲ್ಲ. ಕೂದಲಿಗಿಂತ ತೆಳುವಾದ ಸೂಜಿಬಾಯಿಯನ್ನು ಗಿಡದ ರಸನಾಳಕ್ಕೆ ಇಳಿಸಿ ಸುಮ್ಮನೆ ಕೂರುತ್ತದೆ. ಆ ನಾಳದಲ್ಲಿ ರಸ ಒತ್ತಡದಲ್ಲೇ ಹರಿಯುವುದರಿಂದ ಹೀರುವ ಶ್ರಮವೂ ಕಡಿಮೆ. ರಸದಲ್ಲಿ ಸಕ್ಕರೆ ಧಾರಾಳ, ಮೈ ಬೆಳೆಯಲು ಬೇಕಾದ ಸಾರಜನಕ ಮಾತ್ರ ತೀರಾ ಕಡಿಮೆ. ಹಾಗಾಗಿ ಬೇಕಾದ್ದು ಸಿಗುವಷ್ಟರಲ್ಲಿ ಬೇಡದ ಸಕ್ಕರೆ ಹೊಟ್ಟೆತುಂಬ ಸೇರಿರುತ್ತದೆ, ಅದನ್ನು ಹಿಂದಿನಿಂದ ಹನಿಹನಿಯಾಗಿ ಹೊರಹಾಕುತ್ತದೆ. ಇರುವೆ ಕಾದಿರುವುದು ಆ ಹನಿಗೆ. ಮೀಸೆಯಿಂದ ಹೇನಿನ ಮೈ ಸವರಿ ಹನಿ ಬಿಡಿಸಿಕೊಳ್ಳುತ್ತದೆ. ಬದಲಿಗೆ ಹೇನನ್ನು ತಿನ್ನಲು ಬಂದ ಹುಳಗಳನ್ನು ಕಚ್ಚಿ ಓಡಿಸುತ್ತದೆ. ಇರುವೆಗೆ ಸಿಗದ ಹನಿ ಎಲೆ ಮೇಲೆ, ಕಿಟಕಿ ಕಟ್ಟೆ ಮೇಲೆ ಅಂಟಂಟಾಗಿ ಬೀಳುತ್ತದೆ. ಕೆಲವು ದಿನ ಹಾಗೇ ಬಿಟ್ಟರೆ ಅದರ ಮೇಲೆ ಮಸಿಬಣ್ಣದ ಬೂಷ್ಟು.

ಇಷ್ಟೊಂದು ಹೇನು ರಾತ್ರೋರಾತ್ರಿ ಎಲ್ಲಿಂದ ಬಂದವು ಎನ್ನುವ ಪ್ರಶ್ನೆಗೆ ಉತ್ತರ ಕಂಡವನು ಜಿನೀವಾದ ಶಾರ್ಲ್ ಬೊನೆ. 1740ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆತ ಆಗಷ್ಟೇ ಹುಟ್ಟಿದ ಒಂದು ಹೇನನ್ನು ಒಂದು ರೆಂಬೆಯ ಮೇಲಿಟ್ಟು ಗಾಜಿನ ಪಾತ್ರೆ ಮುಚ್ಚಿದ. ಗಂಡಿನ ನೆರಳೂ ಬೀಳದ ಆ ಹೇನು ಬೆಳೆದು ಮರಿ ಹಾಕಲು ತೊಡಗಿತು. ದಿನವೂ ಕೂತು ಎಣಿಸಿದವನಿಗೆ ಸಿಕ್ಕ ಲೆಕ್ಕ 95. ಮೊಟ್ಟೆಯಲ್ಲ, ಓಡಾಡುವ ಮರಿಗಳೇ. ಹುಟ್ಟುವ ಮೊದಲೇ ಅವುಗಳ ಹೊಟ್ಟೆಯೊಳಗೆ ಮುಂದಿನ ಪೀಳಿಗೆಯ ಭ್ರೂಣ ಬೆಳೆಯುತ್ತಿರುತ್ತದೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ. ಚಳಿದೇಶದಲ್ಲಿ ವರ್ಷಕ್ಕೊಮ್ಮೆಯಾದರೂ ಗಂಡು ಹುಟ್ಟಿ, ಮೊಟ್ಟೆ ಇಟ್ಟು ಚಳಿಗಾಲ ಕಳೆಯುವ ಹೇನುಗಳುಂಟು. ನಮ್ಮ ಬೆಚ್ಚನೆಯ ಮನೆಗಳಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಇಂದು ಹುಟ್ಟಿದ ಮರಿ ಒಂದು ವಾರ, ಹತ್ತು ದಿನದಲ್ಲಿ ತಾಯಿ. ಜಾಗ ಇಕ್ಕಟ್ಟಾದರೆ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ರೆಕ್ಕೆ ಬರುತ್ತದೆ, ಪಕ್ಕದ ಕುಂಡಕ್ಕೆ ಹಾರುತ್ತವೆ. ಒಂದು ಸಲ ಬಲವಾಗಿ ಔಷಧಿ ಹೊಡೆದು ಕೈತೊಳೆದುಕೊಳ್ಳುವ ಲೆಕ್ಕ ತಪ್ಪುವುದು ಇಲ್ಲೇ. ಮುದುಡಿದ ಎಲೆಯೊಳಗೆ ಒಂದೇ ಒಂದು ಉಳಿದರೂ ಸಾಕು.

ಹೊರಗೆ ಹೇನಿಲ್ಲವೇ? ಧಾರಾಳವಾಗಿದೆ. ಚಳಿಗಾಲದಲ್ಲಿ ಅವರೆ ಹೊಲಕ್ಕೆ ಹೋಗಿ ನೋಡಿ. ಮಲೆನಾಡಿನ ಏಲಕ್ಕಿ ತೋಟಗಳನ್ನು ಕಾಡಿದ ಕಟ್ಟೆ ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ದಾಟಿಸುವುದೂ ಒಂದು ಜಾತಿಯ ಹೇನೇ. ಆದರೆ ಹೊಲದಲ್ಲಿ ಒಂದು ಜೋರು ಮಳೆ ಬಂದರೆ ಅರ್ಧಕ್ಕರ್ಧ ತೊಳೆದುಹೋಗುತ್ತವೆ. ಉಳಿದವನ್ನು ಗುಲಗಂಜಿ ಹುಳ, ಹೂನೊಣದ ಮರಿ, ಹಸಿರು ಜಾಲರೆಕ್ಕೆ ಕೀಟದ ಮರಿ ತಿನ್ನುತ್ತವೆ. ಹೇನಿನ ಮೈಯೊಳಗೇ ಮೊಟ್ಟೆ ಇಡುವ ಚಿಕ್ಕ ಕಣಜಗಳೂ ಇವೆ. ಅವುಗಳ ಕೈಗೆ ಸಿಕ್ಕ ಹೇನು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡೇ ಸಾಯುತ್ತದೆ.

ಇದು ಪುಸ್ತಕದ ಮಾತಲ್ಲ ಎಂದು ತಿಳಿಯಲು ಕಬ್ಬಿನ ಬೆಳೆಗಾರರನ್ನು ಕೇಳಬೇಕು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಬೆಳಗಾವಿ, ಬಾಗಲಕೋಟೆ ಕಡೆಯ ಗದ್ದೆಗಳಿಗೂ ಹಬ್ಬಿತು. ಗರಿಯ ಹಿಂಬದಿಯೆಲ್ಲ ಬೆಳ್ಳಗೆ, ಕೆಳಗೆಲ್ಲ ಅಂಟು, ಮಸಿ. ಆಳೆತ್ತರ ಮೀರಿದ ಕಬ್ಬಿನ ನಡುವೆ ನುಗ್ಗಿ ಔಷಧಿ ಹೊಡೆಯುವುದಾದರೂ ಹೇಗೆ? ಕೊನೆಗೆ ಅದನ್ನು ಹತೋಟಿಗೆ ತಂದದ್ದರಲ್ಲಿ ದೊಡ್ಡ ಪಾಲು ಹೇನು ತಿನ್ನುವ ಡೈಫಾ ಎಂಬ ಪತಂಗದ ಹುಳ, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆ ಕೀಟ ಮತ್ತು ಒಂದು ಚಿಕ್ಕ ಕಣಜದ್ದು. ಈ ಹುಳಗಳಿದ್ದ ಗರಿಗಳನ್ನೇ ಕತ್ತರಿಸಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ಒಯ್ದು ಕಟ್ಟಿದರು.

ನಾವು ಮಾಡಿದ್ದೇನೆಂದರೆ, ಗಿಡವನ್ನು ಮಾತ್ರ ಒಳಗೆ ತಂದೆವು. ಮಳೆ ಗಾಳಿ ಹೊರಗುಳಿದವು. ಸೊಳ್ಳೆ ಪರದೆ ಹಾಕಿದ ಕಿಟಕಿಯಿಂದ ಗುಲಗಂಜಿ ಹುಳವೂ ಬರುವ ಹಾಗಿಲ್ಲ. ಹೇನು ಮಾತ್ರ ನರ್ಸರಿಯಿಂದ ತಂದ ಗಿಡದ ಕುಡಿಯಲ್ಲಿ ಕೂತು ಬಾಗಿಲಿನಿಂದಲೇ ಬರುತ್ತದೆ. ಹಾಗಾದಮೇಲೆ ಮಳೆಯ ಕೆಲಸ ನಾವೇ ಮಾಡಬೇಕು.

ಕುಂಡವನ್ನು ಬಚ್ಚಲಿಗೆ ಒಯ್ಯಿರಿ. ಮಣ್ಣು ಕೊಚ್ಚಿಹೋಗದಂತೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಗಿಡವನ್ನು ವಾಲಿಸಿ ಹಿಡಿದು, ಹ್ಯಾಂಡ್ ಶವರಿನಲ್ಲಿ ಎಲೆಯ ಹಿಂಬದಿಗೆ ನೀರು ಬಿಡಿ. ಮೇಲಿಂದ ನೀರು ಚಿಮುಕಿಸಿದರೆ ಎಲೆಗೆ ಸ್ನಾನವಾಗುತ್ತದೆ, ಹೇನಿಗೆ ಕೊಡೆ ಹಿಡಿದಂತಾಗುತ್ತದೆ. ಹೀರುತ್ತಿದ್ದ ಸೂಜಿಬಾಯಿಯನ್ನು ಎಳೆದು ಬೀಳಿಸಿದರೆ ಹೆಚ್ಚಿನವು ಮತ್ತೆ ಗಿಡ ಹತ್ತುವುದಿಲ್ಲ. ತೀರಾ ಮುದುಡಿದ ಕುಡಿಯನ್ನು ಚಿವುಟಿ ಹಾಕಿ. ಮೆಣಸಿನ ಗಿಡ ಅದಕ್ಕೆ ಬೇಜಾರು ಮಾಡಿಕೊಳ್ಳದೆ ಪಕ್ಕದಲ್ಲಿ ಎರಡು ಕುಡಿ ಒಡೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಇದನ್ನು ಮಾಡಬೇಕು. ಬೇಸರದ ಕೆಲಸ ಎನ್ನುವುದು ನಿಜ. ಬಹುಪಾಲು ಮನೆಗಳಲ್ಲಿ ಇಷ್ಟರಿಂದಲೇ ಹೇನು ಹತೋಟಿಗೆ ಬರುತ್ತದೆ ಎನ್ನುವುದೂ ನಿಜ.

ಬಗ್ಗದಿದ್ದರೆ ಸಾಬೂನು. ಒಂದು ಲೀಟರ್ ನೀರಿಗೆ ಒಂದು ಚಮಚ ಸೌಮ್ಯವಾದ ದ್ರವ ಸಾಬೂನು ಸಾಕು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸಾಬೂನಿನ ನೀರು ಮೈಗೆ ತಾಗಿದ ಹೇನು ಮಾತ್ರ ಸಾಯುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಆದ್ದರಿಂದ ಸಂಜೆ ಹೊತ್ತು, ಹಿಂಬದಿ ತೊಯ್ಯುವ ಹಾಗೆ ಸಿಂಪಡಿಸಬೇಕು. ಅದೇ ನೀರಿಗೆ ಒಂದು ಚಮಚ ಬೇವಿನೆಣ್ಣೆ ಸೇರಿಸಿ ಚೆನ್ನಾಗಿ ಕುಲುಕಿದರೆ ಇನ್ನೂ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳನ್ನು ತರಕಾರಿ ಬೆಳೆಗಾರರು ಬಳಸುತ್ತಾರೆ, ಕುಂಡಕ್ಕೂ ಆದೀತು. ಯಾವುದೇ ಆಗಲಿ, ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಿ.

“ಒಂದು ಮುಚ್ಚಳ ಇದನ್ನ ಹಾಕಿ ಮೇಡಂ, ಬೇರಿಂದಾನೇ ಏರತ್ತೆ, ಒಂದು ಹುಳಾನೂ ಉಳಿಯಲ್ಲ” ಎನ್ನುವ ಸಲಹೆ ನರ್ಸರಿಗಳಲ್ಲಿ ಪುಕ್ಕಟೆ ಸಿಗುತ್ತದೆ. ಬೇರಿಂದ ಏರಿದ್ದು ಕಾಯಿಗೂ ಹೋಗುತ್ತದೆ. ಆ ಕಾಯಿ ನಾಳೆ ಒಗ್ಗರಣೆಗೆ ಬೀಳುವುದು ನಮ್ಮ ಮನೆಯಲ್ಲೇ. ಹೊಗೆಸೊಪ್ಪಿನ ಕಷಾಯವನ್ನೂ ‘ನೈಸರ್ಗಿಕ’ ಎಂದು ಹೊಗಳುವವರಿದ್ದಾರೆ. ನಿಕೋಟಿನ್ ನೈಸರ್ಗಿಕವೇ, ವಿಷವೂ ಹೌದು. ಮಕ್ಕಳು ಓಡಾಡುವ ಮನೆಯೊಳಗೆ ಅದನ್ನು ಕುದಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ಅಭ್ಯಾಸ ಬಿಡಬೇಕು. ಗಿಡ ಸೊರಗಿತೆಂದು ಕೂಡಲೇ ಯೂರಿಯಾ ಹಾಕುವುದು. ಸಾರಜನಕ ಹೆಚ್ಚಾದಷ್ಟೂ ಕುಡಿ ಮೆತ್ತಗಾಗುತ್ತದೆ, ರಸ ಪುಷ್ಟಿಯಾಗುತ್ತದೆ, ಹೇನಿಗೆ ಹಬ್ಬ. ಹೊಸ ಗಿಡ ತಂದರೆ ಒಂದೆರಡು ವಾರ ಉಳಿದವುಗಳಿಂದ ದೂರವಿಡಿ. ಇರುವೆಯನ್ನು ತಡೆಯಲು ಹಿಂದೆ ಬೆಲ್ಲದ ಡಬ್ಬಿಗೆ ಮಾಡುತ್ತಿದ್ದಂತೆ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಇಟ್ಟಿಗೆ ಚೂರಿನ ಮೇಲೆ ಕುಂಡ ಇಟ್ಟರೆ ಆಯಿತು. ನೀರು ಆಗಾಗ ಬದಲಿಸದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ, ಅಷ್ಟೆ.

ಬಾಲ್ಕನಿ ಇದ್ದವರಿಗೆ ಇನ್ನೊಂದು ದಾರಿಯಿದೆ. ಬೆಳಗಿನ ಎಳೆಬಿಸಿಲಿಗೆ ಕುಂಡವನ್ನು ಕೆಲವು ದಿನ ಹೊರಗಿಟ್ಟರೆ ಗುಲಗಂಜಿ ಹುಳ ತಾನಾಗಿ ಹುಡುಕಿಕೊಂಡು ಬಂದು ಮೊಟ್ಟೆಯಿಟ್ಟರೂ ಇಟ್ಟೀತು. ದುಂಡಗಿನ ಚೆಂದದ ಹುಳವನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿಯನ್ನು ಕಂಡವರು ಕಡಿಮೆ: ಕಪ್ಪು ಮೈ, ಬೆನ್ನಮೇಲೆ ಹಳದಿ ಇಲ್ಲವೇ ಕಿತ್ತಳೆ ಮಚ್ಚೆ, ಉದ್ದನೆಯ ಆರು ಕಾಲು, ನೋಡಲು ಒರಟು. ದಿನಕ್ಕೆ ಹತ್ತಾರು ಹೇನು ತಿನ್ನುವ ಈ ಮರಿಯನ್ನೇ ಹೊಸ ಪೀಡೆ ಎಂದುಕೊಂಡು ಹೊಸಕಿ ಹಾಕುತ್ತಾರೆ. ಅದು ಗಿಡದಲ್ಲಿದ್ದಷ್ಟು ದಿನ ಸಾಬೂನಿನ ಬಾಟಲಿ ಮುಟ್ಟಬಾರದು.

ಎದುರು ಮನೆಯ ಅಜ್ಜಿ ನಮ್ಮ ಗಿಡದಲ್ಲಿ ಇಂಥ ನಾಲ್ಕು ಮರಿಗಳನ್ನು ಕಂಡು, “ಅಯ್ಯೋ, ಇದ್ಯಾವುದೇ ದರಿದ್ರದ ಹುಳ?” ಎಂದು ಚಪ್ಪಲಿ ಎತ್ತಿದ್ದರು. “ಬೇಡ ಅಜ್ಜಿ, ಅದು ಹೇನು ತಿನ್ನತ್ತೆ” ಎಂದೆ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಮರಿಗಳಲ್ಲೊಂದು ಹೇನನ್ನು ಕಚ್ಚಿ ಹಿಡಿದಿತ್ತು. ಹೇನಿನ ಕಾಲುಗಳು ಇನ್ನೂ ಆಡುತ್ತಿದ್ದವು. ಅಜ್ಜಿ ಅಲ್ಲೇ ವ್ಯಾಪಾರಕ್ಕೆ ನಿಂತರು: “ನಿಂಗೆ ನಾಲ್ಕು ಯಾಕೆ? ಆ ಎಲೆ ಸಮೇತ ಎರಡನ್ನ ನಮ್ಮ ಸೇವಂತಿಗೆಗೆ ಕೊಡು.”