ಬಿದ್ದವರು ಮರಳಿ ಬರುವ ಕಾಳಗ

ಬಹುಕಾಲದ ಪರಿಚಿತರು ಹೊಸ ವೇಷದಲ್ಲಿ ಎದುರಾದರೆ ನಮ್ಮ ಕಣ್ಣು ಮೊದಲು ಹುಡುಕುವುದು ಏನನ್ನು? ವೇಷವನ್ನೋ, ಅದರೊಳಗಿನ ಹಳೆಯ ಮುಖವನ್ನೋ? ಸರಣಿಯಾಗಿ ಬರುವ ಯಾವ ಕೃತಿಯ ಹೊಸ ಕಂತಿನ ಮುಂದೆ ಕೂತರೂ ಈ ಪ್ರಶ್ನೆ ಏಳುತ್ತದೆ. 2018ರ ಡಿಸೆಂಬರ್ 7ರಂದು ನಿಂಟೆಂಡೊದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಹೊರಬಂದಾಗ ಅದನ್ನು ಮೊದಲ ಬಾರಿಗೆ ತೆರೆದವರೆಲ್ಲ ಈ ಪ್ರಶ್ನೆಯ ಎದುರು ನಿಂತರು. ಬೇರೆ ಬೇರೆ ಆಟಗಳ ನಾಯಕರು ತಂತಮ್ಮ ಲೋಕಗಳನ್ನು ಬಿಟ್ಟು ಬಂದು ಒಂದೇ ಅಂಗಳದಲ್ಲಿ ಸೆಣಸುವ ವಿಡಿಯೊ ಗೇಮ್ ಅದು. ಸರಣಿಯ ಐದನೆಯ ಕಂತು. ‘ಎಲ್ಲರೂ ಇಲ್ಲಿದ್ದಾರೆ’ ಎಂಬುದೇ ಅದರ ಘೋಷಣೆಯಾಗಿತ್ತು. ಹಿಂದಿನ ಕಂತುಗಳಲ್ಲಿ ಒಮ್ಮೆ ಬಂದು ಮತ್ತೆ ಕಾಣೆಯಾದವರೂ ಸೇರಿ, ಒಬ್ಬರನ್ನೂ ಬಿಡದೆ ಎಲ್ಲರನ್ನೂ ಕರೆತಂದಿದ್ದೇವೆ ಎಂದು ಆ ವರ್ಷದ ಜೂನ್‌ನಲ್ಲೇ ಸಾರಿದ್ದರು.

ಮೊದಲ ನೋಟಕ್ಕೆ ಅದು ಬರೀ ಗದ್ದಲ. ಏಕಕಾಲಕ್ಕೆ ಎಂಟು ಮಂದಿ ಆಡಬಹುದು. ಮಿಂಚು, ಬೆಂಕಿ, ಕೂಗು, ಹಾರಾಟಗಳ ನಡುವೆ ನಮ್ಮವನು ಎಲ್ಲಿದ್ದಾನೆ ಎಂದು ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಹಿರಿಯರು ಬಾಗಿಲಲ್ಲಿ ನಿಂತು ಒಮ್ಮೆ ಇಣುಕಿ, ‘ಮಕ್ಕಳಿಗೆ ಹೊಡೆದಾಟ ಕಲಿಸುವ ಇನ್ನೊಂದು ಯಂತ್ರ’ ಎಂದು ತೀರ್ಮಾನಿಸಿ ಹೊರಟುಬಿಟ್ಟರೆ ಅವರನ್ನು ದೂರುವಂತಿಲ್ಲ. ಆದರೆ ಬಾಗಿಲಲ್ಲಿ ನಿಂತು ಕಂಡಷ್ಟೇ ಸತ್ಯವೇ? ಒಳಗೆ ಬಂದು, ಪಕ್ಕದಲ್ಲಿ ಕೂತು, ನಿಯಮವನ್ನು ತಿಳಿದ ಮೇಲೆ ಕಾಣುವುದಕ್ಕೆ ಬೆಲೆಯಿಲ್ಲವೇ?

ನಿಯಮವನ್ನೇ ನೋಡೋಣ. ಹೊಡೆದಾಟದ ಆಟಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬನಿಗೂ ಜೀವಬಲದ ಒಂದು ಪಟ್ಟಿ ಇರುತ್ತದೆ. ಏಟು ಬಿದ್ದಂತೆಲ್ಲ ಅದು ಕರಗುತ್ತದೆ; ಪೂರ್ತಿ ಕರಗಿದರೆ ಆಟಗಾರ ಮುಗಿದ. ಇಲ್ಲಿ ಅಂಥ ಪಟ್ಟಿಯೇ ಇಲ್ಲ. ಸೊನ್ನೆಯಿಂದ ಮೇಲೇರುವ ಒಂದು ಶೇಕಡಾವಾರು ಅಂಕಿ ಇದೆ, ಅಷ್ಟೆ. ಏಟು ತಿಂದಷ್ಟೂ ಅಂಕಿ ಏರುತ್ತದೆ. ಅಂಕಿ ಏರಿದಷ್ಟೂ ಮುಂದಿನ ಏಟಿಗೆ ನಾವು ಹೆಚ್ಚು ದೂರ ಚಿಮ್ಮುತ್ತೇವೆ. ಹತ್ತರಲ್ಲಿದ್ದಾಗ ಎರಡು ಹೆಜ್ಜೆ ಹಿಂದೆ ಸರಿಸಿದ ಅದೇ ಹೊಡೆತ ನೂರು ದಾಟಿದಾಗ ನಮ್ಮನ್ನು ಅಂಗಳದಾಚೆಗೆ ಎಸೆಯುತ್ತದೆ. ಆದರೆ ಎಷ್ಟೇ ಪೆಟ್ಟಾಗಿದ್ದರೂ, ಅಂಕಿ ನೂರೈವತ್ತನ್ನು ಮುಟ್ಟಿದ್ದರೂ, ಮರಳಿ ಅಂಗಳ ಸೇರಬಲ್ಲವನು ಸೋತಿಲ್ಲ. ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯಬಹುದು. ಪ್ರತಿಯೊಬ್ಬನಿಗೂ ಮೇಲೇರಲು ಒಂದೊಂದು ವಿದ್ಯೆ ಇದೆ. ಕೊನೆಗೆ ಅಂಗಳದ ಅಂಚನ್ನು ಕೈಯಲ್ಲಿ ಹಿಡಿದು ಜೋತುಬಿದ್ದು ಮೇಲೆ ಹತ್ತಬಹುದು.

ನನ್ನ ಕೈಗೆ ಆ ನಿಯಂತ್ರಕವನ್ನು ಕೊಟ್ಟ ಮನೆಯ ಹುಡುಗಿ ಮೊದಲು ಕಲಿಸಿದ್ದು ಹೊಡೆಯುವುದನ್ನಲ್ಲ. ‘ಅಜ್ಜ, ಹೊಡೆಯೋದು ಆಮೇಲೆ. ಬಿದ್ದಾಗ ವಾಪಸ್ ಬರೋದು ಹೇಗೆ ಅಂತ ಮೊದಲು ನೋಡಿ’ ಎಂದಳು. ಅವಳು ಆರಿಸಿಕೊಂಡಿದ್ದ ಕರ್ಬಿ, ಗುಂಡಗಿನ ಗುಲಾಬಿ ಬಣ್ಣದ ಜೀವಿ, ಅಂಗಳದಿಂದ ಬಹಳ ಕೆಳಗೆ ಜಾರಿತ್ತು. ಅದು ಮೈಯುಬ್ಬಿಸಿಕೊಂಡು ಗಾಳಿಯಲ್ಲಿ ಒಂದೊಂದೇ ಪುಟಿತ ಪುಟಿದು, ಉಸಿರು ಮುಗಿಯುವ ಹೊತ್ತಿಗೆ ಅಂಚನ್ನು ಹಿಡಿಯಿತು. ಪೆಟ್ಟಿನ ಲೆಕ್ಕ ಒಂದಿಷ್ಟೂ ಇಳಿದಿರಲಿಲ್ಲ. ಆಟದಲ್ಲಿ ಮಾತ್ರ ಅದು ಇನ್ನೂ ಉಳಿದಿತ್ತು.

ನಮ್ಮ ಬದುಕಿನ ಪೆಟ್ಟುಗಳೂ ಹೀಗೇ ಅಲ್ಲವೇ? ಅವು ಕೂಡುತ್ತ ಹೋಗುತ್ತವೆ, ಕಳೆಯುವುದು ಕಡಿಮೆ. ಇಪ್ಪತ್ತರ ಹರೆಯದಲ್ಲಿ ತಡೆದುಕೊಂಡ ಮಾತು ಅರವತ್ತರಲ್ಲಿ ನಮ್ಮನ್ನು ದೂರಕ್ಕೆ ತಳ್ಳಿಬಿಡುವುದುಂಟು. ಹಾಗಿದ್ದೂ ನಾವು ಮನುಷ್ಯನನ್ನು ಅಳೆಯುವುದು ಅವನು ಎಷ್ಟು ಏಟು ತಿಂದ ಎಂಬುದರಿಂದಲೋ, ಮರಳಿ ಬಂದನೇ ಎಂಬುದರಿಂದಲೋ? ನಮ್ಮ ಕಬಡ್ಡಿಯಲ್ಲೂ ಔಟಾದವನು ಮತ್ತೆ ಒಳಬರುತ್ತಾನೆ, ಆದರೆ ಅವನನ್ನು ಒಳತರಬೇಕಾದದ್ದು ಜೊತೆಯವರ ಅಂಕ. ಇಲ್ಲಿ ಆ ಹೊಣೆ ಬಿದ್ದವನದೇ. ಎರಡೂ ಸತ್ಯವೇ, ಕೆಲವೊಮ್ಮೆ ಕೈ ಕೊಟ್ಟು ಎತ್ತುವವರಿರುತ್ತಾರೆ, ಕೆಲವೊಮ್ಮೆ ಅಂಚನ್ನು ನಾವೇ ಹಿಡಿಯಬೇಕಾಗುತ್ತದೆ.

ಈ ನಿಯಮ ಹುಟ್ಟಿದ ಬಗೆ ಅದಕ್ಕಿಂತಲೂ ಮನನೀಯ. ಇದನ್ನು ರೂಪಿಸಿದ ಜಪಾನಿನ ಮಸಾಹಿರೊ ಸಕುರಾಯ್ ಯುವಕನಾಗಿದ್ದಾಗ ಒಂದು ಆರ್ಕೇಡ್‌ನಲ್ಲಿ ‘ಕಿಂಗ್ ಆಫ್ ಫೈಟರ್ಸ್ 95’ ಎಂಬ ಹೊಡೆದಾಟದ ಆಟ ಆಡುತ್ತಿದ್ದರು. ಎದುರಿಗೆ ಕೂತವರನ್ನು ತಮ್ಮ ಪಳಗಿದ ಕೈಯಿಂದ ಸರಾಗವಾಗಿ ಸೋಲಿಸಿಬಿಟ್ಟರು. ಆಮೇಲೆ ನೋಡಿದರೆ ಅವರು ಆಟಕ್ಕೆ ತೀರ ಹೊಸಬರಾದ ಒಂದು ಜೋಡಿ. ಆ ಗೆಲುವು ಸಕುರಾಯ್‌ರನ್ನು ಕಾಡಿತು. ಪೆಟ್ಟಿನ ಸರಮಾಲೆಗಳನ್ನು ಬಾಯಿಪಾಠ ಮಾಡಿದವನೇ ಗೆಲ್ಲುವುದಾದರೆ, ಮೊದಲ ದಿನ ಬಂದು ಕೂತವನಿಗೆ ಈ ಅಂಗಳದಲ್ಲಿ ಜಾಗವೆಲ್ಲಿ? ಆ ಸಂಕಟವೇ ಶೇಕಡಾವಾರಿನ ಈ ಲೆಕ್ಕಕ್ಕೆ ಬೀಜವಾಯಿತು. ನಾವೆಲ್ಲ ಗೆದ್ದಿದ್ದೇವೆ, ಒಮ್ಮೆಯಾದರೂ. ಗೆದ್ದ ಮೇಲೆ ಎದುರಿನವರ ಮುಖ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನೋಡಿ, ಆ ನೋಟದ ಭಾರ ತಾಳಲಾರದೆ, ಸ್ಪರ್ಧೆಯ ನಿಯಮವನ್ನೇ ಬದಲಿಸಲು ಹೊರಟವರು ಎಷ್ಟು ಮಂದಿ?

ಆರಂಭದಲ್ಲಿ ಈ ಆಟದಲ್ಲಿ ಮಾರಿಯೊ ಇರಲಿಲ್ಲ, ಪಿಕಾಚು ಇರಲಿಲ್ಲ. ‘ಡ್ರ್ಯಾಗನ್ ಕಿಂಗ್’ ಎಂಬ ಹೆಸರಿನ, ಮುಖ ಮೂಡದ ಆಕೃತಿಗಳ ಒಂದು ಮಾದರಿ ಇತ್ತು. ಆಗ ಆಟಗಳನ್ನು ರೂಪಿಸುವ ಹ್ಯಾಲ್ ಲ್ಯಾಬೊರೇಟರಿ ಕಂಪನಿಯ ಅಧ್ಯಕ್ಷರಾಗಿದ್ದ ಸತೊರು ಇವಾಟಾ ವಾರದ ಕೆಲಸ ಮುಗಿಸಿ, ರಜೆಯ ದಿನಗಳಲ್ಲಿ ತಾವೇ ಕೂತು ಅದರ ಪ್ರೋಗ್ರಾಂ ಬರೆದರು. ಮುಖವಿಲ್ಲದವರ ಕಾಳಗ ಯಾರ ಮನಸ್ಸನ್ನೂ ಮುಟ್ಟದು ಎಂದುಕೊಂಡ ಸಕುರಾಯ್, ಕೇಳಿದರೆ ಒಪ್ಪಿಗೆ ಸಿಗಲಾರದೆಂದು ಬಗೆದು, ಯಾರನ್ನೂ ಕೇಳದೆ ನಿಂಟೆಂಡೊದ ಪಾತ್ರಗಳನ್ನು ಅದರೊಳಗೆ ಕೂರಿಸಿದರು. ಆಡಿ ನೋಡುವಂತಾದ ಮೇಲೆಯೇ ಒಪ್ಪಿಗೆಗೆ ಮುಂದಿಟ್ಟರು. 1999ರಲ್ಲಿ ಹನ್ನೆರಡು ಮಂದಿ ಹೋರಾಟಗಾರರೊಡನೆ ಮೊದಲ ಆಟ ಬಂತು.

ಇವಾಟಾ ಮುಂದೆ ನಿಂಟೆಂಡೊದ ಅಧ್ಯಕ್ಷರಾದರು. 2015ರ ಜುಲೈನಲ್ಲಿ, 55ನೆಯ ವಯಸ್ಸಿಗೇ ತೀರಿಕೊಂಡರು. ನಿಂಟೆಂಡೊದ ಹೊಸ ಆಟದ ಯಂತ್ರಕ್ಕೆ ಇನ್ನೊಂದು ‘ಸ್ಮ್ಯಾಶ್’ ಮಾಡಿಕೊಡಬೇಕೆಂಬುದು ಅವರು ತಮಗೆ ಒಪ್ಪಿಸಿದ ಕೊನೆಯ ಕೆಲಸವಾಗಿತ್ತು ಎಂದು ಸಕುರಾಯ್ ಹೇಳಿಕೊಂಡಿದ್ದಾರೆ. ಇದನ್ನು ತಿಳಿದ ಮೇಲೆ ‘ಎಲ್ಲರೂ ಇಲ್ಲಿದ್ದಾರೆ’ ಎಂಬ ಮಾತು ಬರಿಯ ಜಾಹೀರಾತಾಗಿ ಕೇಳಿಸುವುದಿಲ್ಲ. ಇಲ್ಲದ ಒಬ್ಬರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು, ಇರುವವರನ್ನೆಲ್ಲ ಹುಡುಕಿ ಕರೆತಂದಂತೆ ಕೇಳಿಸುತ್ತದೆ.

ಕರೆತಂದವರಲ್ಲಿ ಒಂದು ಜೋಡಿಯನ್ನು ಹತ್ತಿರದಿಂದ ನೋಡಬೇಕು: ಐಸ್ ಕ್ಲೈಂಬರ್ಸ್. 1985ರ ಹಳೆಯ ಆಟವೊಂದರ ಪುಟ್ಟ ಹಿಮಾರೋಹಿಗಳು, ಪೋಪೊ ಮತ್ತು ನಾನಾ. ಒಬ್ಬ ಆಟಗಾರ ಇಬ್ಬರನ್ನೂ ಒಟ್ಟಿಗೆ ನಡೆಸುತ್ತಾನೆ. ಒಬ್ಬರು ಸುತ್ತಿಗೆ ಬೀಸಿದರೆ ಇನ್ನೊಬ್ಬರೂ ಬೀಸುತ್ತಾರೆ. 2014ರ ಕಂತಿನಲ್ಲಿ ಇವರಿರಲಿಲ್ಲ. ಆಗಿನ ಚಿಕ್ಕ ಕೈಯಾಟಿಕೆ 3ಡಿಎಸ್‌ಗೆ ಇಬ್ಬಿಬ್ಬರನ್ನು ಹೊರುವ ತ್ರಾಣವಿರಲಿಲ್ಲವೆಂದು ಕೈಬಿಡಬೇಕಾಯಿತು. ನಾಲ್ಕು ವರ್ಷದ ಮೇಲೆ ಅವರು ಮರಳಿದ್ದಾರೆ. ಆದರೆ ಆಡುವಾಗ ಕಾಣುವ ನೋವು ಬೇರೆಯದು: ಜೊತೆಗಾರ್ತಿ ಅಂಗಳದಿಂದ ಬಿದ್ದುಹೋದರೆ ಉಳಿದವನು ಒಬ್ಬನೇ ಹೋರಾಡಬೇಕು. ಇಬ್ಬರಿದ್ದಾಗ ಸಲೀಸಾಗಿದ್ದ ಏರಾಟ ಒಬ್ಬನಿಗೆ ದುಸ್ತರವಾಗುತ್ತದೆ, ಅರ್ಧ ವಿದ್ಯೆಗಳು ಕೈಕೊಡುತ್ತವೆ. ಬಾಳಸಂಗಾತಿಯನ್ನು ಕಳೆದುಕೊಂಡ ಹಿರಿಯರು ನಮ್ಮ ನಡುವೆ ಎಷ್ಟಿಲ್ಲ? ಅವರ ದಿನಚರಿಯ ಯಾವ ಕೆಲಸಗಳು ನಿಂತುಹೋದವು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಇನ್ನೊಬ್ಬ ಅತಿಥಿ ಸೋನಿಕ್. ತೊಂಬತ್ತರ ದಶಕದಲ್ಲಿ ಸೆಗಾ ಕಂಪನಿಯ ಈ ನೀಲಿ ಮುಳ್ಳುಹಂದಿಯೂ ನಿಂಟೆಂಡೊದ ಮಾರಿಯೊವೂ ಮಾರುಕಟ್ಟೆಯ ಕಡುವೈರಿಗಳು. ಒಬ್ಬನ ಕಡೆಗಿದ್ದ ಮಗು ಇನ್ನೊಬ್ಬನ ಹೆಸರೆತ್ತಿದರೆ ಸಿಡಿಯುತ್ತಿದ್ದ ಕಾಲ ಅದು. 2001ರಲ್ಲಿ ಸೆಗಾ ಆಟದ ಯಂತ್ರ ತಯಾರಿಸುವುದನ್ನೇ ಬಿಟ್ಟಿತು. 2008ರ ಕಂತಿನಲ್ಲಿ ಸೋನಿಕ್ ಹಳೆಯ ಎದುರಾಳಿಯ ಅಂಗಳಕ್ಕೆ ಅತಿಥಿಯಾಗಿ ಬಂದ. ಇದನ್ನು ಸೋತವನ ಶರಣಾಗತಿ ಎನ್ನಬಹುದೇ? ಹಾಗೆ ತೋರುವುದಿಲ್ಲ. ಅಂಗಳದಲ್ಲಿ ಅವನು ಮಾರಿಯೊಗಿಂತ ವೇಗವಾಗಿಯೇ ಓಡುತ್ತಾನೆ. ಅವನ ಓಟವನ್ನು ಯಾರೂ ಕುಗ್ಗಿಸಿಲ್ಲ. ವೈರ ಮುಗಿದ ಮೇಲೆ ಎದುರಾಳಿಯ ಗುಣವನ್ನು ಇದ್ದಂತೆಯೇ ಉಳಿಸಿಕೊಟ್ಟು ಅವನನ್ನು ಒಳಗೆ ಕರೆಯುವುದು ದೊಡ್ಡವರ ಮನೆಯ ನಡೆ. ಇನ್ನೂ ಮಿಗಿಲಾದದ್ದೊಂದಿದೆ. ಯಾವ ‘ಕಿಂಗ್ ಆಫ್ ಫೈಟರ್ಸ್’ ಆರ್ಕೇಡ್‌ನಲ್ಲಿ ಸಕುರಾಯ್‌ರನ್ನು ಕಾಡಿತ್ತೋ, ಅದರ ಹಿರಿಯ ಹೋರಾಟಗಾರ ಟೆರ್ರಿ ಬೊಗಾರ್ಡ್‌ನೇ 2019ರ ನವೆಂಬರ್‌ನಲ್ಲಿ ಈ ಅಂಗಳಕ್ಕೆ ಬಂದ. ಅವನ ಜೊತೆಗೆ ಪೆಟ್ಟಿನ ಸರಮಾಲೆಗಳ ಆ ಹಳೆಯ ವಿದ್ಯೆಯೂ ಬಂತು. ತಾನು ಯಾವ ದಾರಿಯಿಂದ ಕವಲೊಡೆದು ಹೊರಟೆನೋ ಆ ದಾರಿಯನ್ನು ಹಳಿಯದೆ, ಅದರಲ್ಲಿ ನಡೆದವನಿಗೂ ಮಣೆ ಹಾಕುವುದು ಎಲ್ಲ ಸುಧಾರಕರಿಗೂ ಸಾಧ್ಯವಾಗುವ ಮಾತಲ್ಲ.

ಇಷ್ಟೊಂದು ಮಂದಿ ಸೇರಿದ ಆಟವನ್ನು ಮೊದಲು ತೆರೆದಾಗ ಮಾತ್ರ ಕಾಣುವುದು ಎಂಟೇ ಮುಖ. ಮಾರಿಯೊ, ಡಾಂಕಿ ಕಾಂಗ್, ಲಿಂಕ್, ಸೇಮಸ್, ಯೋಶಿ, ಕರ್ಬಿ, ಫಾಕ್ಸ್, ಪಿಕಾಚು. 1999ರಲ್ಲಿ ಮೊದಲಿಂದಲೇ ಸಿಗುತ್ತಿದ್ದ ಅದೇ ಎಂಟು. ಉಳಿದವರು ಎಲ್ಲಿ? ಒಂದಿಷ್ಟು ಹೊತ್ತು ಆಡಿದ ಮೇಲೆ ಪರದೆ ಕಪ್ಪಾಗಿ, ಹೊಸ ಸವಾಲುಗಾರ ಬರುತ್ತಿದ್ದಾನೆಂಬ ಎಚ್ಚರಿಕೆ ಮೂಡುತ್ತದೆ. ಬಂದವನ ಜೊತೆ ಸೆಣಸಿ ಗೆದ್ದರೆ ಅವನು ನಮ್ಮ ಬಳಗದವನಾಗುತ್ತಾನೆ; ಸೋತರೆ ಮುಂದೆ ಇನ್ನೊಂದು ಅವಕಾಶ ಸಿಗುತ್ತದೆ. ಹಣ ಕೊಟ್ಟು ತಂದದ್ದರಲ್ಲಿ ಎಲ್ಲವೂ ಮೊದಲ ದಿನವೇ ಬಿಚ್ಚಿಕೊಳ್ಳಬೇಕೆಂಬ ಆತುರದವರಿಗೆ ಇದು ಕಿರಿಕಿರಿ ಎನಿಸಿತು. ನನಗೆ ಈ ಏರ್ಪಾಡು ಸರಿಯೆನಿಸುತ್ತದೆ. ಎಲ್ಲರನ್ನೂ ಒಂದೇ ಸಲ ಸಾಲಾಗಿ ನಿಲ್ಲಿಸಿದರೆ ಅದು ಪಟ್ಟಿಯಾದೀತು, ಪರಿಚಯವಾಗದು. ಒಬ್ಬೊಬ್ಬರೂ ತಮ್ಮ ಸರದಿಯಲ್ಲಿ ಎದುರು ನಿಂತು, ನಮ್ಮನ್ನು ಪರೀಕ್ಷಿಸಿ ಬಂದಾಗ ಅವರ ಹೆಸರೂ ಉಳಿಯುತ್ತದೆ, ಪಟ್ಟೂ ನೆನಪಾಗುತ್ತದೆ. ಮೊದಲು ಎದುರಾಳಿಗಳಾಗಿ ಬಂದು ಆಮೇಲೆ ಆಪ್ತರಾದವರು ನಮ್ಮೆಲ್ಲರ ಬಾಳಿನಲ್ಲೂ ಇಲ್ಲವೇ?

ಹೊಡೆದಾಟವಂತೂ ಹೊಡೆದಾಟವೇ, ಅದನ್ನು ಮರೆಮಾಚುವುದು ಬೇಡ. ಆದರೆ ಇಲ್ಲಿ ರಕ್ತವಿಲ್ಲ, ಹೆಣವಿಲ್ಲ. ಅಂಗಳದಿಂದ ಬಿದ್ದವನು, ಇನ್ನೂ ಸರದಿ ಉಳಿದಿದ್ದರೆ, ತೇಲುವ ಒಂದು ಪುಟ್ಟ ಹಲಗೆಯ ಮೇಲೆ ನಿಂತು ಮತ್ತೆ ಇಳಿಯುತ್ತಾನೆ. ಇಳಿದ ಕೆಲವು ಕ್ಷಣ ಯಾರ ಏಟೂ ಅವನಿಗೆ ತಾಗುವುದಿಲ್ಲ. ಆಗಷ್ಟೇ ಎದ್ದು ಬಂದವನಿಗೆ ಉಸಿರಾಡಲು ಬಿಡುವ ಈ ಸೌಜನ್ಯ ನಿಯಮದಲ್ಲೇ ಬರೆದಿಟ್ಟದ್ದು. ಪಂದ್ಯ ಮುಗಿದು ಗೆದ್ದವನು ಕುಣಿಯುವಾಗ ಸೋತವರು ನಿಂತು ಚಪ್ಪಾಳೆ ತಟ್ಟುವುದು ಈ ಸರಣಿಯಲ್ಲಿ ಮೊದಲಿನಿಂದ ಬಂದ ರೂಢಿ. ಮಾರಿಯೊನ ರಾಜ್ಯವನ್ನು ಮತ್ತೆ ಮತ್ತೆ ಕಾಡುವ ಬೌಸರ್‌ಗೂ ಇದರಿಂದ ವಿನಾಯಿತಿಯಿಲ್ಲ. ಅಸೂಯೆಯೇ ಸಹಜ, ಮೆಚ್ಚುಗೆ ಕಲಿತು ಬರಬೇಕಾದದ್ದು ಎನ್ನುವುದಾದರೆ, ಅದನ್ನು ಮಕ್ಕಳ ಕಣ್ಣೆದುರು ಪ್ರತಿ ಪಂದ್ಯದ ಕೊನೆಗೂ ನಡೆಸಿ ತೋರಿಸುವುದು ಸಣ್ಣ ಕೆಲಸವೇ?

ಒಂದು ತಕರಾರು ಉಳಿದೇ ಇದೆ. 2001ರ ‘ಮೆಲೀ’ ಕಂತಿನ ಚುರುಕು ಮತ್ತು ಆಳವನ್ನು ಮೆಚ್ಚಿದವರು ಇಂದಿಗೂ ಹಳೆಯ ದಪ್ಪ ಟಿವಿಗಳನ್ನು ಹೊತ್ತೊಯ್ದು ಅದರ ಪಂದ್ಯಾವಳಿ ನಡೆಸುತ್ತಾರೆ. ಅದು ಹೊಸಬರಿಗೆ ಕಠಿಣವಾಯಿತೆಂದು ಸಕುರಾಯ್ ಮುಂದಿನ ಕಂತನ್ನು ನಿಧಾನಗೊಳಿಸಿದಾಗ ಪಳಗಿದವರು ಮುನಿದರು. ಹೊಸಬನಿಗೆ ಬಾಗಿಲು ತೆರೆದಿಡುವುದೂ ಬೇಕು, ಸಾಧಕನಿಗೆ ಏರಲು ಎತ್ತರವೂ ಬೇಕು. ಎರಡನ್ನೂ ಪೂರ್ತಿಯಾಗಿ ಕೊಡಬಲ್ಲ ಮನೆಯಾಗಲಿ ಶಾಲೆಯಾಗಲಿ ಇದೆಯೇ? ‘ಅಲ್ಟಿಮೇಟ್’ ವೇಗವನ್ನು ಒಂದಿಷ್ಟು ಮರಳಿಸಿತು, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಹೆಣಗಿತು. ಮೂರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದುದನ್ನು ನೋಡಿದರೆ ಕೋಣೆ ತುಂಬಿತೆನ್ನಬೇಕು.

‘ಎಲ್ಲರೂ’ ಎಂಬ ಮಾತು ಅಷ್ಟು ಸುಲಭವಾಗಿ ಈಡೇರುವಂಥದ್ದೂ ಅಲ್ಲ. ಮಾರಿಯೊನ ಬಳಗದಲ್ಲಿ ವಾಲುಯಿಜಿ ಎಂಬ ಸಣಕಲು ದೇಹದ, ಉದ್ದ ಕೈಕಾಲಿನವನೊಬ್ಬನಿದ್ದಾನೆ. 2018ರ ಆ ಘೋಷಣೆಯ ದಿನ ಅವನೂ ಹೋರಾಟಗಾರನಾಗಿ ಬರಬಹುದೆಂದು ಕಾದವರು ಬಹಳ. ಅವನಿಗೆ ಸಿಕ್ಕಿದ್ದು ಹಿಂದಿನಂತೆ ಸಹಾಯಕನ ಪಾಲು ಮಾತ್ರ: ಬೇರೆಯವರು ಕರೆದಾಗ ಬಂದು, ನಾಲ್ಕು ಏಟು ಹೊಡೆದು ಹೋಗುವುದು. ಹಳಬರಲ್ಲಿ ಒಬ್ಬನನ್ನೂ ಬಿಡಲಿಲ್ಲವೆಂಬುದು ನಿಜ, ಒಳಗೆ ಬರಲಾಗದೆ ಹೊಸ್ತಿಲಲ್ಲೇ ಉಳಿದವನಿದ್ದಾನೆ ಎಂಬುದೂ ನಿಜ. ಹಬ್ಬದೂಟಕ್ಕೆ ಬಡಿಸಲು ಬಂದವರಿಗೆ ಪಂಕ್ತಿಯಲ್ಲಿ ಎಲೆ ಹಾಕಿದೆವೇ ಎಂದು ನಾವು ಕೇಳಿಕೊಳ್ಳುವುದು ಅಪರೂಪ.

2021ರ ಅಕ್ಟೋಬರ್‌ನಲ್ಲಿ ‘ಕಿಂಗ್‌ಡಮ್ ಹಾರ್ಟ್ಸ್’ನ ಸೋರಾ ಕೊನೆಯವನಾಗಿ ಸೇರಿದಾಗ ಹೋರಾಟಗಾರರ ಸಂಖ್ಯೆ 89ಕ್ಕೆ ಮುಟ್ಟಿತು. ಅಷ್ಟರಲ್ಲಿ ಸೆಗಾ, ಕೊನಾಮಿ, ಕ್ಯಾಪ್‌ಕಾಮ್, ಎಸ್‌ಎನ್‌ಕೆ, ಮೈಕ್ರೊಸಾಫ್ಟ್, ಡಿಸ್ನಿ, ಹೀಗೆ ಬೇರೆ ಬೇರೆ ಒಡೆಯರ ಪಾತ್ರಗಳು ಒಂದೇ ಛಾವಣಿಯಡಿ ಬಂದಿದ್ದವು. ಇಷ್ಟು ಮಂದಿ ಒಡೆಯರ ಒಪ್ಪಿಗೆಯನ್ನು ಮತ್ತೊಮ್ಮೆ ಒಂದೇ ಸಲಕ್ಕೆ ಪಡೆಯುವುದು, ಇಷ್ಟು ಮಂದಿಯನ್ನು ಮೊದಲಿನಿಂದ ಮತ್ತೆ ತಿದ್ದಿ ಆಡಿಸುವುದು ಯಾರ ಕೈಯಲ್ಲಾದರೂ ಆಗುವ ಕೆಲಸವೆಂದು ನನಗನಿಸುವುದಿಲ್ಲ. ಮುಂದಿನ ಕಂತು ಬರುವುದಾದರೆ, ಅದರ ಮೊದಲ ಹಾಳೆಯಲ್ಲಿ ಯಾರನ್ನು ಕರೆಯಬೇಕೆಂಬ ಪಟ್ಟಿಗಿಂತ ಮುಂಚೆ ಯಾರನ್ನು ಬಿಡಬೇಕೆಂಬ ಪಟ್ಟಿಯನ್ನು ಯಾರಾದರೊಬ್ಬರು ಬರೆಯಲೇಬೇಕು.